ನ್ಯೂಯಾರ್ಕ್, ಜೆರ್ಸಿ ಸಿಟಿ ಕಡೆ ಇರೋ ನಮ್ಮವರಿಗೆ: ಹರಿಕೇನ್, ಸಮುದ್ರದ ನೀರು ಬರೋ ಮೊದ್ಲು ಮನೆ ರೆಡಿ ಮಾಡ್ಕೊಳ್ಳೋದು ಹೇಗೆ

ಹರಿಕೇನ್ ಬರ್ತಿದೆ ಅಂದ ತಕ್ಷಣ ಟೀವಿಯಲ್ಲೂ ವಾಟ್ಸಾಪಲ್ಲೂ ಮೊದ್ಲು ಕೇಳೋ ಪ್ರಶ್ನೆ ಕೆಟಗರಿ ಎಷ್ಟು ಅಂತ. ಆ ಕೆಟಗರಿ ನಂಬರು ಹೇಳೋದು ಗಾಳಿ ವೇಗ ಮಾತ್ರ, ನೀರಿನ ಬಗ್ಗೆ ಅದು ಏನೂ ಹೇಳಲ್ಲ, ಆದ್ರೆ ನಮ್ಮ ಈ ನ್ಯೂಯಾರ್ಕ್ ನ್ಯೂಜೆರ್ಸಿ ಕಡೆ ಜನರ ಪ್ರಾಣ ತೆಗೆದಿದ್ದು, ಮನೆ ಹಾಳು ಮಾಡಿದ್ದು ಹೆಚ್ಚಾಗಿ ನೀರೇ. 2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಅಟ್ಲಾಂಟಿಕ್ ಸಿಟಿ ಹತ್ರ ದಡ ಮುಟ್ಟೋ ಹೊತ್ತಿಗೆ ಹವಾಮಾನದವರ ಲೆಕ್ಕದಲ್ಲಿ ಅದು ಹರಿಕೇನ್ ಆಗಿ ಉಳಿದಿರ್ಲೇ ಇಲ್ಲ, ಆದ್ರೂ ಹುಣ್ಣಿಮೆ ಉಬ್ಬರದ ಜೊತೆ ಸೇರ್ಕೊಂಡು ಮ್ಯಾನ್‌ಹಟನ್ ತುದಿಯ ಬ್ಯಾಟರಿ ಅನ್ನೋ ಜಾಗದಲ್ಲಿ ನೀರು ಇಳಿತದ ಮಟ್ಟದಿಂದ ಸುಮಾರು 14 ಅಡಿ ಏರಿತು, ಸಬ್‌ವೇ ಸುರಂಗಗಳಿಗೆ ನುಗ್ಗಿತು, ನ್ಯೂಯಾರ್ಕ್ ಸಿಟಿ ಒಂದರಲ್ಲೇ 40ಕ್ಕೂ ಹೆಚ್ಚು ಜನ ಸತ್ರು. 2021ರ ಸೆಪ್ಟೆಂಬರ್ 1ಕ್ಕೆ ಐಡಾ ಇಲ್ಲಿಗೆ ಬಂದಾಗಂತೂ ಅದು ಲೂಯಿಸಿಯಾನಾದಲ್ಲಿ ದಡ ಹತ್ತಿ ಮೂರು ದಿನ ಆಗಿತ್ತು, ಗಾಳಿ ಎಲ್ಲ ಇಳಿದು ಮಳೆ ಮೋಡ ಉಳಿದಿತ್ತು ಅಷ್ಟೇ, ಅದೇ ಮೋಡ ಸೆಂಟ್ರಲ್ ಪಾರ್ಕಲ್ಲಿ ಒಂದೇ ಗಂಟೇಲಿ 3.15 ಇಂಚು ಸುರೀತು, ಸಿಟಿಯಲ್ಲಿ ಸತ್ತ 13 ಜನರಲ್ಲಿ 11 ಜನ ಬೇಸ್‌ಮೆಂಟ್ ಮನೆಗಳಲ್ಲಿದ್ದವರು. ನ್ಯೂಜೆರ್ಸಿಯಲ್ಲಿ ಸುಮಾರು 30 ಜನ ಹೋದ್ರು, ಅವರಲ್ಲಿ ಬಹಳಷ್ಟು ಜನ ಕಾರಲ್ಲಿ ಸಿಕ್ಕಿಹಾಕ್ಕೊಂಡವರು.

ಹಾಗಾಗಿ ಟಾರ್ಚು, ಬ್ರೆಡ್ಡು, ಬ್ಯಾಟರಿ ಪಟ್ಟಿಗಿಂತ ಮೊದ್ಲು ನೀರಿನ ವಿಷ್ಯ ಹೇಳ್ತೀನಿ. ಮಂಗಳೂರು, ಕಾರವಾರ, ತೀರ್ಥಹಳ್ಳಿ ಕಡೆಯಿಂದ ಬಂದವರಿಗೆ ಜೋರು ಮಳೆ ಹೊಸದಲ್ಲ, "ನಾವು ನೋಡದೇ ಇರೋ ಮಳೆನಾ" ಅನ್ನೋ ಧೈರ್ಯ ಇರತ್ತೆ, ಆದ್ರೆ ಇಲ್ಲಿ ಬರೋದು ಬರೀ ಮೇಲಿಂದ ಬೀಳೋ ನೀರಲ್ಲ, ಗಾಳಿ ತಳ್ಕೊಂಡು ಬರೋ ಸಮುದ್ರ, ಅದು ಗಂಟೆ ಎರಡು ಗಂಟೇಲಿ ಬೀದಿ ತುಂಬಿಬಿಡತ್ತೆ.

1. ನಿಮ್ಮನೆಗೆ ನೀರು ಯಾವ ದಾರೀಲಿ ಬರತ್ತೆ ಅಂತ ಇವತ್ತೇ ನೋಡ್ಕೊಳ್ಳಿ

ನ್ಯೂಯಾರ್ಕ್ ಸಿಟಿ ಕರಾವಳಿ ಭಾಗನ 1ರಿಂದ 6ರವರೆಗೆ ಇವ್ಯಾಕ್ಯುಯೇಷನ್ ಜೋನ್ ಮಾಡಿದೆ, 1 ಅಂದ್ರೆ ಎಲ್ರಿಗಿಂತ ಮೊದ್ಲು ಖಾಲಿ ಮಾಡ್ಬೇಕಾದವರು. ಸಿಟಿಯ "ನೋ ಯುವರ್ ಜೋನ್" ಪೇಜಲ್ಲಿ ಅಡ್ರೆಸ್ ಹಾಕಿದ್ರೆ ಅಥವಾ 311ಕ್ಕೆ ಫೋನ್ ಮಾಡಿದ್ರೆ ನಿಮ್ಮ ಜೋನ್ ನಂಬರ್ ಹೇಳ್ತಾರೆ. ಮನೆಯವರೆಲ್ಲರಿಗೂ, ಮಕ್ಕಳಿಗೂ, ಆ ನಂಬರ್ ಬಾಯಿಪಾಠ ಇರ್ಲಿ, ಯಾಕಂದ್ರೆ ಮೇಯರ್ ಟೀವಿಯಲ್ಲಿ ಬಂದು ಹೇಳೋದು ಏರಿಯಾ ಹೆಸರಲ್ಲ, ಜೋನ್ ನಂಬರು.

ಈ ಜೋನೂ, ಅನಾಹುತ ಪರಿಹಾರ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ ಫೀಮಾದವರ ಫ್ಲಡ್ ಮ್ಯಾಪೂ ಬೇರೆ ಬೇರೆ, ಇಲ್ಲಿ ತುಂಬಾ ಜನ ಗೊಂದಲ ಮಾಡ್ಕೋತಾರೆ. ಫೀಮಾ ಮ್ಯಾಪಲ್ಲಿ ಎಇ, ವಿಇ, ಎಕ್ಸ್ ಅಂತ ಅಕ್ಷರ ಇರತ್ತೆ, ಅದು ಇನ್ಶೂರೆನ್ಸ್, ಲೋನಿಗೆ. ಎಕ್ಸ್ (ಅಂದ್ರೆ ಅಪಾಯ ಕಡಿಮೆ ಅನ್ನೋ ಜಾಗ) ಬಂತು ಅಂತ ನೀರೇ ಬರಲ್ಲ ಅನ್ಕೋಬೇಡಿ, ಐಡಾದಲ್ಲಿ ಕ್ವೀನ್ಸಲ್ಲಿ ಮುಳುಗಿದ ಎಷ್ಟೋ ಬೀದಿಗಳು ಸಮುದ್ರದಿಂದ ದೂರ ಇರೋವು.

ಜೆರ್ಸಿ ಕಡೆಯವರಿಗೆ ಭೂಮಿ ಏರಿಳಿತ ಗೊತ್ತಿದ್ರೆ ಅರ್ಧ ಕೆಲಸ ಆಯ್ತು. ಜರ್ನಲ್ ಸ್ಕ್ವೇರ್ ಗುಡ್ಡದ ಸಾಲಿನ ಮೇಲಿದೆ, ಆದ್ರೆ ನ್ಯೂಪೋರ್ಟ್, ಪೌಲಸ್ ಹುಕ್, ಡೌನ್‌ಟೌನ್ ಎಲ್ಲ ನದಿ ಮಟ್ಟಕ್ಕೆ ಹತ್ರ, ಹೋಬೋಕನ್ನಂತೂ ಪಶ್ಚಿಮದ ಕಡೆ ತಗ್ಗು. ಸ್ಯಾಂಡಿ ಆದ್ಮೇಲೆ ಹೋಬೋಕನ್ ಜನರನ್ನ ಮನೆಯಿಂದ ಹೊರಗೆ ತರೋಕೆ ನ್ಯಾಷನಲ್ ಗಾರ್ಡ್ ಟ್ರಕ್ಕುಗಳೇ ಬರಬೇಕಾಯ್ತು, ಅಲ್ಲಿನ ಪಾತ್ (PATH) ಟ್ರೇನ್ ಸ್ಟೇಷನ್ ಡಿಸೆಂಬರ್‌ವರೆಗೂ ಮುಚ್ಚಿತ್ತು. ಒಳನಾಡಲ್ಲಿರೋ ಬೌಂಡ್ ಬ್ರೂಕ್, ಮ್ಯಾನ್‌ವಿಲ್ ಕಡೆಯವರಿಗೆ ಸಮುದ್ರ ಅಲ್ಲ, ರಾರಿಟನ್ ನದಿ ಯಜಮಾನ.

ಮೂರನೇ ದಾರಿ ಯಾರ ಕಣ್ಣಿಗೂ ಬೀಳಲ್ಲ, ಅದು ಚರಂಡಿ. ನ್ಯೂಯಾರ್ಕಿನ ಬಹುಭಾಗದಲ್ಲಿ, ಹೋಬೋಕನ್ ಜೆರ್ಸಿ ಸಿಟಿಯಲ್ಲೂ, ಮಳೆನೀರು ಮತ್ತೆ ಮನೆ ಕೊಳಚೆ ಎರಡೂ ಒಂದೇ ಪೈಪಲ್ಲಿ ಹೋಗತ್ತೆ. ಮಳೆ ಜೋರಾದ್ರೆ ಆ ಪೈಪು ತುಂಬಿ ನೀರು ವಾಪಸ್ ಮನೆ ಕಡೆ ತಳ್ಳತ್ತೆ, ಬೇಸ್‌ಮೆಂಟ್ ಬಾತ್‌ರೂಮಿನ ಕೆಳಗಿನ ಜಾಲರಿಯಲ್ಲಿ ಗುಳುಗುಳು ಸದ್ದು ಬಂದ್ರೆ ಅದೇ ಮೊದಲ ಸೂಚನೆ. ಸ್ವಂತ ಮನೆ ಇದ್ರೆ ಲೈಸೆನ್ಸ್ ಇರೋ ಪ್ಲಂಬರ್ ಕರೆಸಿ ಚರಂಡಿ ನೀರು ವಾಪಸ್ ಬರದ ಹಾಗೆ ತಡೆಯೋ ಬ್ಯಾಕ್‌ವಾಟರ್ ವಾಲ್ವ್ ಹಾಕಿಸಿ, ಇದ್ರೆ ವರ್ಷಕ್ಕೊಮ್ಮೆ ಕ್ಲೀನ್ ಮಾಡಿಸಿ. ಬೇಸ್‌ಮೆಂಟ್ ನೀರು ಹೊರಗೆ ಹಾಕೋ ಸಂಪ್ ಪಂಪ್ ಇರೋರು ಬ್ಯಾಟರಿ ಬ್ಯಾಕಪ್ ಇದೆಯಾ ನೋಡಿ, ಕರೆಂಟ್ ಹೋದ ಹೊತ್ತಲ್ಲೇ ತಾನೆ ಆ ಪಂಪ್ ಬೇಕಾಗೋದು.

ಬಾಡಿಗೆಗೆ ಮನೆ ಹುಡುಕ್ತಿರೋರಿಗೆ ಒಂದು ಒಳ್ಳೇ ವಿಷ್ಯ, ನ್ಯೂಯಾರ್ಕಲ್ಲಿ 2023ರಿಂದ, ನ್ಯೂಜೆರ್ಸಿಯಲ್ಲಿ 2024ರಿಂದ, ಮನೆ ಫ್ಲಡ್ ಏರಿಯಾದಲ್ಲಿದೆಯಾ, ಹಿಂದೆ ನೀರು ನುಗ್ಗಿ ಹಾಳಾಗಿತ್ತಾ ಅಂತ ಓನರ್ ಬರವಣಿಗೇಲಿ ತಿಳಿಸ್ಬೇಕು ಅನ್ನೋ ಕಾನೂನು ಇದೆ. ಲೀಸ್ ಸೈನ್ ಮಾಡೋ ಮೊದ್ಲು ಆ ಪೇಪರ್ ಕೇಳಿ, ಕೊಡೋಕೆ ಹಿಂಜರಿದ್ರೆ ಬೇರೆ ಮನೆ ನೋಡಿ.

2. ಬೇಸ್‌ಮೆಂಟಲ್ಲಿ ಇರೋರು ಇದನ್ನ ಎರಡು ಸಲ ಓದಿ

ಹೊಸದಾಗಿ ಬಂದ ಸ್ಟೂಡೆಂಟ್ಸು, ಬಾಡಿಗೆ ಉಳಿಸ್ಬೇಕು ಅನ್ನೋ ಸಣ್ಣ ಫ್ಯಾಮಿಲಿಗಳು, ಎಷ್ಟೋ ಜನ ಬೇಸ್‌ಮೆಂಟಲ್ಲಿ ಇದ್ದಾರೆ, ಅದು ತಪ್ಪಲ್ಲ, ಆದ್ರೆ ಅಲ್ಲಿ ನೀರು ಹೇಗೆ ಕೊಲ್ಲತ್ತೆ ಅಂತ ಗೊತ್ತಿರ್ಬೇಕು. ಹೊರಗಿನ ಮೆಟ್ಟಿಲಿಳಿದು ಬರೋ ಬಾಗಿಲು ಇರತ್ತಲ್ಲ, ಮಳೆನೀರು ಮೊದ್ಲು ಆ ಮೆಟ್ಟಿಲ ಗುಂಡಿ ತುಂಬತ್ತೆ. 3 ಅಡಿ ಅಗಲದ ಬಾಗಿಲಿಗೆ ಹೊರಗಡೆ 2 ಅಡಿ ನೀರು ನಿಂತ್ರೆ ಸುಮಾರು 170 ಕೆಜಿ ಒತ್ತಡ ಬೀಳತ್ತೆ. ಬಾಗಿಲು ಹೊರಗಡೆಗೆ ತೆರೆಯೋದಾದ್ರೆ ಇಬ್ರು ಸೇರಿ ತಳ್ಳಿದ್ರೂ ಅಲ್ಲಾಡಲ್ಲ, ಒಳಗಡೆಗೆ ತೆರೆಯೋದಾದ್ರೆ ಚಿಲಕ ತೆಗೆದ ಕ್ಷಣ ಬಾಗಿಲ ಸಮೇತ ನೀರು ನಿಮ್ಮ ಮೈಮೇಲೆ ಬರತ್ತೆ. ಕಿಟಕಿಗೆ ಸರಳು ಇದ್ರೆ ಆ ದಾರೀನೂ ಮುಚ್ಚಿದ ಹಾಗೆ.

ಹಾಗಾಗಿ ಬೇಸ್‌ಮೆಂಟಿನವರ ನಿಯಮ ಒಂದೇ, ಫ್ಲ್ಯಾಶ್ ಫ್ಲಡ್ ವಾರ್ನಿಂಗ್ ಅಂತ ಫೋನ್ ಕಿರುಚಿದ ತಕ್ಷಣ ಮೇಲೆ ಹೋಗೋದು. ನೀರು ಬಂತಾ ಅಂತ ನೋಡೋಕೆ ಕಾಯೋದಲ್ಲ, ಸಾಮಾನು ಎತ್ತಿಡೋಕೆ ನಿಲ್ಲೋದಲ್ಲ. ಇದಕ್ಕೆ ಮೊದ್ಲೇ ಮೇಲಿನ ಮನೆಯವರ ಹತ್ರ ಮಾತಾಡಿಟ್ಕೊಳ್ಳಿ, "ಜೋರು ಮಳೆ ವಾರ್ನಿಂಗ್ ಬಂದ್ರೆ ರಾತ್ರಿ ಎಷ್ಟೊತ್ತಾದ್ರೂ ನಿಮ್ಮ ಬಾಗಿಲು ಬಡೀತೀವಿ, ತಪ್ಪು ತಿಳ್ಕೋಬೇಡಿ" ಅಂತ ಬಾಯಿಬಿಟ್ಟು ಹೇಳಿ. ನಾವು ಇನ್ನೊಬ್ರಿಗೆ ತೊಂದ್ರೆ ಯಾಕೆ ಅಂತ ಸಂಕೋಚ ಪಡೋ ಜನ, ಈ ಒಂದು ವಿಷ್ಯದಲ್ಲಿ ಆ ಸಂಕೋಚ ಬೇಡವೇ ಬೇಡ. ಐಡಾ ರಾತ್ರಿ ಮಳೆ ಜೋರಾಗಿದ್ದು ಎಂಟೂವರೆಯಿಂದ ಹತ್ತರ ಒಳಗೆ, ಅಂದ್ರೆ ಮಕ್ಕಳು ಮಲಗೋ ಹೊತ್ತು, ಆದ್ದರಿಂದ ರಾತ್ರಿ ಫೋನನ್ನ ಸೈಲೆಂಟ್ ಮಾಡಿದ್ರೂ ಎಮರ್ಜೆನ್ಸಿ ಅಲರ್ಟ್ ಸೆಟಿಂಗ್ ಆನ್ ಇರ್ಲಿ.

ಪಾಸ್‌ಪೋರ್ಟು, ಲ್ಯಾಪ್‌ಟಾಪು, ಔಷಧಿ ಇವೆಲ್ಲ ಬೇಸ್‌ಮೆಂಟಲ್ಲಿ ನೆಲಕ್ಕೆ ತಾಗೋ ಕಪಾಟಲ್ಲಿ ಯಾವತ್ತೂ ಇಡ್ಬೇಡಿ. ಎಕ್ಸ್‌ಟೆನ್ಷನ್ ಬೋರ್ಡು ನೆಲದ ಮೇಲೆ ಬಿದ್ದಿರೋದು ಇನ್ನೂ ಕೆಟ್ಟದ್ದು, ಎತ್ತಿ ಗೋಡೆಗೆ ಹಾಕಿ.

3. ಇನ್ಶೂರೆನ್ಸ್: ಇದು ಮೇ ತಿಂಗಳ ಕೆಲಸ

ಸೀಸನ್ ಜೂನ್ 1ರಿಂದ ನವೆಂಬರ್ 30, ನಮ್ಮ ಕಡೆ ಅಪಾಯ ಜಾಸ್ತಿ ಆಗಸ್ಟಿಂದ ಅಕ್ಟೋಬರ್, ಅಂದ್ರೆ ಹೆಚ್ಚುಕಮ್ಮಿ ಗೌರಿ ಗಣೇಶದಿಂದ ದಸರಾ ಮುಗಿಯೋವರೆಗೆ ಅಂತ ನೆನಪಿಟ್ಕೊಳ್ಳಿ. ಸಾಮಾನ್ಯ ಹೋಮ್ ಇನ್ಶೂರೆನ್ಸು, ರೆಂಟರ್ಸ್ ಇನ್ಶೂರೆನ್ಸು ಎರಡೂ ಹೊರಗಿಂದ ನುಗ್ಗೋ ಪ್ರವಾಹದ ನೀರಿಗೆ ದುಡ್ಡು ಕೊಡಲ್ಲ. ಅದಕ್ಕೆ ಫ್ಲಡ್ ಇನ್ಶೂರೆನ್ಸ್ ಬೇರೆ ತಗೋಬೇಕು, ಸರ್ಕಾರದ ಎನ್‌ಎಫ್‌ಐಪಿ ಪಾಲಿಸಿ ಸಾಮಾನ್ಯವಾಗಿ ತಗೊಂಡ 30 ದಿನ ಆದ್ಮೇಲೆ ಜಾರಿಗೆ ಬರೋದು, ಟೀವಿಯಲ್ಲಿ ಸುಳಿ ಕಾಣಿಸಿದ ಮೇಲೆ ತಗೊಂಡ್ರೆ ಏನೂ ಉಪಯೋಗ ಇಲ್ಲ. ಮನೆ ಕಟ್ಟಡಕ್ಕೆ 2,50,000 ಡಾಲರ್, ಒಳಗಿನ ಸಾಮಾನಿಗೆ 1,00,000 ಡಾಲರ್‌ವರೆಗೆ ಸಿಗತ್ತೆ, ಬಾಡಿಗೆಯವರು ಸಾಮಾನಿಗೆ ಮಾತ್ರ ತಗೋಬಹುದು. ಬೇಸ್‌ಮೆಂಟಲ್ಲಿರೋ ಸೋಫಾ, ಟೀವಿ, ಬಟ್ಟೆಗೆ ಇದರಲ್ಲಿ ಹೆಚ್ಚುಕಮ್ಮಿ ಏನೂ ಬರಲ್ಲ, ಪಾಲಿಸಿ ಓದಿ ತಿಳ್ಕೊಳ್ಳಿ. ಕಾರಿಗೆ ಲಯಬಿಲಿಟಿ ಮಾತ್ರ ಇದ್ರೆ ನೀರಿಗೆ ದುಡ್ಡು ಬರಲ್ಲ, ಕಾಂಪ್ರೆಹೆನ್ಸಿವ್ ಬೇಕು.

ಎಚ್-1ಬಿ, ಎಚ್-4, ಎಫ್-1 ವೀಸಾದಲ್ಲಿರೋರು ಇದನ್ನ ಇನ್ನೂ ಗಟ್ಟಿಯಾಗಿ ತಗೋಬೇಕು. ದೊಡ್ಡ ಅನಾಹುತ ಆದಾಗ ಫೀಮಾ ಮನೆಗಳಿಗೆ ಕೊಡೋ ನಗದು ಸಹಾಯ ಸಿಟಿಜನ್ನರಿಗೆ, ಗ್ರೀನ್‌ಕಾರ್ಡ್‌ನವರಿಗೆ, ಇನ್ನು ಕೆಲವು ವರ್ಗದವರಿಗೆ, ನಮ್ಮಂಥ ಕೆಲಸದ ವೀಸಾದವರು ಆ ಪಟ್ಟಿಯಲ್ಲಿಲ್ಲ. ಮನೆಯಲ್ಲಿ ಇಲ್ಲೇ ಹುಟ್ಟಿದ ಮಗು ಇದ್ರೆ ಆ ಮಗುವಿನ ಹೆಸರಲ್ಲಿ, ಅದರ ಸೋಶಿಯಲ್ ಸೆಕ್ಯುರಿಟಿ ನಂಬರ್ ಕೊಟ್ಟು ಅಪ್ಪ ಅಮ್ಮ ಅರ್ಜಿ ಹಾಕ್ಬಹುದು, ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಮಗು ಇಲ್ಲದವರಿಗೆ ಇನ್ಶೂರೆನ್ಸೇ ಗತಿ.

ಪಾಲಿಸಿ ತಗೊಂಡ ದಿನವೇ ಫೋನ್ ಹಿಡ್ಕೊಂಡು ಮನೆ ಪೂರ್ತಿ ವಿಡಿಯೋ ಮಾಡಿ, ಪ್ರತಿ ಕಪಾಟು ತೆಗೆದು, ಟೀವಿ ಫ್ರಿಜ್ಜಿನ ಮಾಡೆಲ್ ನಂಬರ್ ಕಾಣೋ ಹಾಗೆ, ಅದನ್ನ ಕ್ಲೌಡಿಗೆ ಹಾಕಿ.

4. ಎಲ್ಲಿಗೆ ಹೋಗೋದು, ಯಾವಾಗ ಹೊರಡೋದು

ಇಡೀ ತಯಾರಿಯ ಜೀವ ಇದರಲ್ಲೇ ಇದೆ ಅಂತ ನನ್ನ ಅಭಿಪ್ರಾಯ, ಯಾಕೆ ಅಂತ ಸ್ಯಾಂಡಿಯ ಗಡಿಯಾರ ನೋಡಿದ್ರೆ ಗೊತ್ತಾಗತ್ತೆ. ತಗ್ಗು ಪ್ರದೇಶ ಖಾಲಿ ಮಾಡಿ ಅಂತ ಮೇಯರ್ ಬ್ಲೂಮ್‌ಬರ್ಗ್ ಆದೇಶ ಕೊಟ್ಟಿದ್ದು ಅಕ್ಟೋಬರ್ 28ರ ಭಾನುವಾರ ಮಧ್ಯಾಹ್ನದ ಹತ್ತಿರ. ಸಬ್‌ವೇ ನಿಲ್ಲಿಸೋಕೆ ಶುರು ಮಾಡಿದ್ದು ಅದೇ ಸಂಜೆ 7ಕ್ಕೆ. ನೀರು ಬಂದಿದ್ದು ಮರುದಿನ ರಾತ್ರಿ. ಅಂದ್ರೆ ಕಾರಿಲ್ಲದ ಮನೆಗೆ ಸಿಕ್ಕಿದ್ದು ಏಳೆಂಟು ಗಂಟೆ, ಅದ್ರಲ್ಲಿ ಅರ್ಧ "ಹೋಗೋಣ್ವಾ ಬೇಡ್ವಾ" ಅನ್ನೋ ಚರ್ಚೆಗೇ ಹೋಗಿರತ್ತೆ. ಹಿಂದಿನ ವರ್ಷ 2011ರಲ್ಲಿ ಐರೀನ್‌ಗೂ ಹೀಗೇ ಖಾಲಿ ಮಾಡಿಸಿದ್ರು, ಸಿಟಿಯಲ್ಲಿ ಹೆದರಿಸಿದಷ್ಟು ಏನೂ ಆಗ್ಲಿಲ್ಲ, ಅದನ್ನೇ ನೆನಪಿಟ್ಕೊಂಡು ಬಹಳ ಜನ ಸ್ಯಾಂಡಿಗೆ ಮನೆಯಲ್ಲೇ ಕೂತ್ರು. ಸಿಟಿಯಲ್ಲಿ ಸತ್ತವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನ ಸ್ಟೇಟನ್ ಐಲೆಂಡಿನವರು, ಮನೆಯೊಳಗೇ ಮುಳುಗಿದವರೂ ಇದ್ರು.

ಹಾಗಾಗಿ ಬಿಸಿಲಿರೋ ದಿನ ಕೂತು ತೀರ್ಮಾನ ಮಾಡಿ. ಎತ್ತರದ ಜಾಗದಲ್ಲಿರೋ ಒಬ್ಬ ಸ್ನೇಹಿತರ ಮನೆ, ಅದು ಆಗದಿದ್ರೆ ಇನ್ನೊಂದು ಮನೆ, ಅದೂ ಆಗದಿದ್ರೆ ಸಿಟಿ ಇವ್ಯಾಕ್ಯುಯೇಷನ್ ಸೆಂಟರ್. ಸ್ನೇಹಿತರನ್ನ ಮೊದ್ಲೇ ಕೇಳಿ, ಮುಂದಿನ ಸಲ ಅವರಿಗೆ ಬೇರೆ ಕಷ್ಟ ಬಂದಾಗ ನೀವು ಬಾಗಿಲು ತೆರೀತೀರ. ಕನ್ನಡ ಕೂಟದ ಗ್ರೂಪುಗಳು ಹಬ್ಬದೂಟಕ್ಕೆ ಎಷ್ಟು ಚೆನ್ನಾಗಿ ಲಿಸ್ಟ್ ಮಾಡ್ತಾರೋ ಅಷ್ಟೇ ಚೆನ್ನಾಗಿ "ಯಾರ ಮನೆ ಎತ್ತರದಲ್ಲಿದೆ, ಯಾರಿಗೆ ಕಾರಿಲ್ಲ, ಯಾರ ಮನೇಲಿ ವಯಸ್ಸಾದವರಿದ್ದಾರೆ" ಅಂತ ಜೂನಲ್ಲೇ ಒಂದು ಲಿಸ್ಟ್ ಮಾಡ್ಕೊಂಡ್ರೆ ಎಷ್ಟೋ ಮನೆ ಉಳಿಯತ್ತೆ. ಸೆಂಟರ್‌ಗೆ ಹೋಗೋಕೆ ವೀಸಾ ಗೀಸಾ ಯಾರೂ ಕೇಳಲ್ಲ, ಸಾಕಿದ ಪ್ರಾಣಿನೂ ಕರ್ಕೊಂಡು ಹೋಗ್ಬಹುದು. ನ್ಯೂಜೆರ್ಸಿಯಲ್ಲಿ ನಡೆಯೋಕಾಗದವರು, ಆಕ್ಸಿಜನ್ ಮೆಷಿನ್ ಮೇಲಿರೋರು ಮೊದ್ಲೇ "ರಿಜಿಸ್ಟರ್ ರೆಡಿ" ಪಟ್ಟಿಗೆ ಹೆಸರು ಕೊಡಿ.

ಯಾವ ಸಿಗ್ನಲ್‌ಗೆ ಹೊರಡ್ತೀರ ಅನ್ನೋದನ್ನೂ ಬರ್ಕೊಳ್ಳಿ, ಉದಾಹರಣೆಗೆ "ನಮ್ಮ ಜೋನ್ ಹೆಸರು ಹೇಳಿದ ಎರಡು ಗಂಟೆ ಒಳಗೆ ಮನೆ ಬೀಗ". ಪುಟ್ಟ ಮಕ್ಕಳು, ವಯಸ್ಸಾದವರು ಇದ್ರೆ ಆದೇಶಕ್ಕೂ ಕಾಯ್ಬೇಡಿ.

5. ಹೊರಡೋ ಬ್ಯಾಗು

ಎಲ್ರಿಗೂ ಒಂದೊಂದು ಬ್ಯಾಕ್‌ಪ್ಯಾಕ್, ಉರುಳಿಸೋ ಸೂಟ್‌ಕೇಸ್ ಬೇಡ, ನೀರಲ್ಲೂ ಮೆಟ್ಟಿಲಲ್ಲೂ ಅದು ಶತ್ರು. ಜಿಪ್‌ಲಾಕ್ ಕವರಲ್ಲಿ ಎಲ್ರ ಪಾಸ್‌ಪೋರ್ಟು, ಐ-797 ಅಪ್ರೂವಲ್ ನೋಟೀಸ್ ಒರಿಜಿನಲ್ಲು, ಸ್ಟೂಡೆಂಟ್ ಆದ್ರೆ ಐ-20, ಒಸಿಐ ಕಾರ್ಡು, ಮಕ್ಕಳ ಬರ್ತ್ ಸರ್ಟಿಫಿಕೇಟು, ಮದುವೆ ಸರ್ಟಿಫಿಕೇಟು, ಲೀಸು, ಇನ್ಶೂರೆನ್ಸು. ಇವನ್ನ ಮತ್ತೆ ಮಾಡಿಸೋಕೆ ತಿಂಗಳುಗಟ್ಟಲೆ ಹಿಡಿಯತ್ತೆ, ಒಡವೆಗಿಂತ ಮೊದ್ಲು ಇವು ಬ್ಯಾಗಿಗೆ. ಎಲ್ಲದರ ಸ್ಕ್ಯಾನ್ ಕಾಪಿ ಊರಲ್ಲಿರೋ ತಮ್ಮನಿಗೋ ಅಕ್ಕನಿಗೋ ಮೇಲ್ ಮಾಡಿಡಿ.

ಸಣ್ಣ ನೋಟುಗಳಲ್ಲಿ ಕ್ಯಾಶ್, ಕರೆಂಟಿಲ್ಲದ ಅಂಗಡಿಯಲ್ಲಿ ಕಾರ್ಡು ನಡೆಯಲ್ಲ. ಪವರ್ ಬ್ಯಾಂಕು, ಕನ್ನಡಕದ ಇನ್ನೊಂದು ಜೊತೆ, ಒಣ ಸಾಕ್ಸು, ಮಕ್ಕಳ ಡೈಪರ್, ಔಷಧಿ. ಫೋನ್ ಸತ್ರೂ ಇರ್ಲಿ ಅಂತ ನಾಲ್ಕೈದು ಮುಖ್ಯ ನಂಬರ್ ಕಾಗದದ ಮೇಲೆ ಬರ್ದಿಟ್ಕೊಳ್ಳಿ. ಬೇರೆ ಸ್ಟೇಟಲ್ಲಿರೋ ಒಬ್ರನ್ನ ಸುದ್ದಿ ಕೇಂದ್ರ ಮಾಡ್ಕೊಳ್ಳಿ, ನೀವು ಅವರಿಗೆ ಒಂದೇ ಮೆಸೇಜ್ ಹಾಕ್ತೀರ, ಊರಿಗೆ, ಅತ್ತೆ ಮನೆಗೆ, ಎಲ್ರಿಗೂ ಅವರು ಹೇಳ್ತಾರೆ, ನಿಮ್ಮ ಬ್ಯಾಟರಿ ಉಳಿಯತ್ತೆ.

6. ಊರಿಂದ ಅಪ್ಪ ಅಮ್ಮ ಬಂದಿದ್ರೆ

ನಾವು ಅವರನ್ನ ಕರೆಸೋದೇ ಬೇಸಿಗೆಯಿಂದ ದಸರಾವರೆಗೆ, ಸರಿಯಾಗಿ ಸೀಸನ್ನಿನ ತಿಂಗಳುಗಳು. ಅವರು ತಂದಿರೋ ಬಿಪಿ, ಶುಗರ್, ಥೈರಾಯ್ಡ್ ಮಾತ್ರೆ ನೀರುಪಾಲಾದ್ರೆ ಊರಿನ ಡಾಕ್ಟರ್ ಚೀಟಿ ಇಲ್ಲಿ ನಡೆಯಲ್ಲ, ಹಾಗಾಗಿ ಎರಡು ವಾರದ ಮಾತ್ರೆ ಬೇರೆ ತೆಗೆದು ಅವರ ಬ್ಯಾಗಲ್ಲೇ ಇಡಿ, ಮಾತ್ರೆಯ ಬ್ರ್ಯಾಂಡ್ ಹೆಸರಲ್ಲ, ಒಳಗಿನ ಔಷಧಿ ಹೆಸರು ಡೋಸ್ ಸಮೇತ ಇಂಗ್ಲಿಷಲ್ಲಿ ಬರ್ದಿಡಿ, ಇಲ್ಲಿನ ಡಾಕ್ಟರಿಗೆ ಅದೇ ಬೇಕಾಗೋದು. ಇನ್ಸುಲಿನ್ ಸಾಮಾನ್ಯವಾಗಿ ಫ್ರಿಜ್ ಇಲ್ಲದೆ 86 ಡಿಗ್ರಿ ಫ್ಯಾರನ್‌ಹೀಟ್ ಒಳಗೆ 28 ದಿನದವರೆಗೆ ತಡೆಯತ್ತೆ, ನಿಮ್ಮದಕ್ಕೆ ಎಷ್ಟು ಅಂತ ಡಬ್ಬಿ ಮೇಲೆ ನೋಡ್ಕೊಳ್ಳಿ. ಐಸಿಗೆ ನೇರ ತಾಗಿಸ್ಬೇಡಿ, ಹೆಪ್ಪುಗಟ್ಟಿದ್ರೆ ಕೆಟ್ಟುಹೋಗತ್ತೆ.

ಇಂಗ್ಲಿಷ್ ಅಷ್ಟಾಗಿ ಬರದ ಅಮ್ಮಂದಿರಿಗೆ ಒಂದು ಕಾರ್ಡಲ್ಲಿ ಮನೆ ಅಡ್ರೆಸ್ಸು, ನಿಮ್ಮ ಫೋನು, ಅವರ ಕಾಯಿಲೆ ಬರ್ದು ಪರ್ಸಲ್ಲಿ ಹಾಕಿ. ನೀವು ಆಫೀಸಲ್ಲಿದ್ದಾಗ ಫೋನ್ ಜೋರಾಗಿ ಕಿರುಚಿದ್ರೆ ಏನು ಮಾಡ್ಬೇಕು ಅಂತ ಕನ್ನಡದಲ್ಲೇ ಕೂತು ಹೇಳ್ಕೊಡಿ, ಯಾವ ಮನೆ ಬಾಗಿಲು ಬಡೀಬೇಕು ಅಂತ ಕರ್ಕೊಂಡು ಹೋಗಿ ತೋರಿಸಿ, ಆ ಮನೆಯವರ ಪರಿಚಯನೂ ಮಾಡಿಸಿ.

7. ಊಟ, ನೀರು

ಕುಡಿಯೋ ನೀರು ಒಬ್ರಿಗೆ ದಿನಕ್ಕೆ 1 ಗ್ಯಾಲನ್, ಅಂದ್ರೆ ಸುಮಾರು 3.8 ಲೀಟರ್, ಕನಿಷ್ಠ ಮೂರು ದಿನಕ್ಕೆ, ಜಾಗ ಇದ್ರೆ ವಾರಕ್ಕೆ ಇಟ್ಕೊಳ್ಳಿ. ಟಾಯ್ಲೆಟ್ಟಿಗೆ ಅಂತ ಬಾತ್‌ಟಬ್ ಬೇರೆ ತುಂಬಿಸಿ.

ಅಡುಗೆ ವಿಷ್ಯಕ್ಕೆ ಬಂದ್ರೆ ಇಲ್ಲಿನ ಪಟ್ಟಿಗಳು ಟೂನಾ ಡಬ್ಬಿ, ಪೀನಟ್ ಬಟರ್ ಅಂತ ಹೇಳತ್ವೆ, ನಮ್ಮನೆಗಳಲ್ಲಿ ಅದಕ್ಕಿಂತ ಒಳ್ಳೇದು ಆಗ್ಲೇ ಇದೆ. ಒಲೆ ಹಚ್ಚದೆ ತಿನ್ನೋಕೆ ಅವಲಕ್ಕಿಯಂಥದ್ದು ಇನ್ನೊಂದಿಲ್ಲ. ತೆಳು ಅವಲಕ್ಕಿಗೆ ಸ್ವಲ್ಪ ನೀರು ಚಿಮುಕಿಸಿ, ಚಟ್ನಿಪುಡಿ, ಕೊಬ್ಬರಿಪುಡಿ, ಒಂಚೂರು ಎಣ್ಣೆ ಉಪ್ಪು ಕಲಸಿದ್ರೆ ಹತ್ತು ನಿಮಿಷದಲ್ಲಿ ಹೊಟ್ಟೆ ತುಂಬತ್ತೆ, ಗೊಜ್ಜವಲಕ್ಕಿ ಪುಡಿ ಇದ್ರಂತೂ ಕೇಳೋದೇ ಬೇಡ. ಹುರಿಗಡಲೆ, ಕಡ್ಲೆಕಾಯಿ ಬೀಜ, ಬೆಲ್ಲ, ಚಿಕ್ಕಿ, ಹುರಿಹಿಟ್ಟು, ಖಾಖ್ರಾ, ನಿಪ್ಪಟ್ಟು, ಖರ್ಜೂರ, ಮಕ್ಕಳಿಗೆ ಟೆಟ್ರಾಪ್ಯಾಕ್ ಹಾಲು. ಎಂಟಿಆರ್ ರೆಡಿಮೇಡ್ ಪೊಟ್ಟಣಗಳನ್ನ ತಣ್ಣಗೇ ತಿನ್ಬಹುದು, ಬರೀ ಬಿಸಿನೀರು ಹಾಕೋ ಕಪ್ಪುಗಳನ್ನೇ ನಂಬ್ಕೋಬೇಡಿ, ಬಿಸಿನೀರೇ ಇರಲ್ಲ. ಉಪ್ಪಿನಕಾಯಿ ಜಾಸ್ತಿ ತಿಂದ್ರೆ ಬಾಯಾರಿಕೆ ಜಾಸ್ತಿ, ನೀರು ಲೆಕ್ಕದ್ದು.

ಫ್ರಿಜ್ ಬಾಗಿಲು ತೆಗೀದಿದ್ರೆ ಕರೆಂಟ್ ಹೋದ್ಮೇಲೆ 4 ಗಂಟೆ ತಣ್ಣಗಿರತ್ತೆ, ಫ್ರೀಜರ್ ತುಂಬಿದ್ರೆ 48 ಗಂಟೆ, ಅರ್ಧ ಇದ್ರೆ 24. ದೋಸೆಹಿಟ್ಟಿಗೆ, ತುರಿದ ಕಾಯಿಗೆ ಅಂತ ಇರೋ ಡಬ್ಬಿಗಳಿಗೆ ನೀರು ತುಂಬಿ ಎರಡು ದಿನ ಮೊದ್ಲೇ ಫ್ರೀಜರಲ್ಲಿಡಿ, ಖಾಲಿ ಜಾಗಾನೂ ತುಂಬತ್ತೆ, ಕರಗಿದ್ರೆ ಕುಡಿಯೋಕೂ ಆಗತ್ತೆ. ಒಂದು ಲೋಟ ನೀರು ಗಟ್ಟಿ ಮಾಡಿ ಮೇಲೊಂದು ನಾಣ್ಯ ಇಡಿ. ವಾಪಸ್ ಬಂದಾಗ ನಾಣ್ಯ ತಳದಲ್ಲಿದ್ರೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ, ಒಳಗಿರೋದು ನೋಡೋಕೆ ಚೆನ್ನಾಗಿದ್ರೂ ಬಿಸಾಡಿ.

8. ಎತ್ತರದ ಅಪಾರ್ಟ್‌ಮೆಂಟಲ್ಲಿ ಇರೋರು

ಇಪ್ಪತ್ತನೇ ಫ್ಲೋರಿಗೆ ನೀರು ಬರಲ್ಲ, ನಿಜ. ಆದ್ರೆ ಕರೆಂಟ್ ಪ್ಯಾನಲ್ಲು, ನೀರಿನ ಪಂಪು, ಲಿಫ್ಟಿನ ಗುಂಡಿ ಇವೆಲ್ಲ ಕೆಳಗಿರತ್ತೆ. ಸ್ಯಾಂಡಿಯಲ್ಲಿ ಈಸ್ಟ್ 13ನೇ ಸ್ಟ್ರೀಟಿನ ಸಬ್‌ಸ್ಟೇಷನ್ನಿಗೆ ನೀರು ನುಗ್ಗಿ ಸ್ಫೋಟ ಆಗಿ ಮ್ಯಾನ್‌ಹಟನ್ನಿನ ಕೆಳಭಾಗ ಪೂರ್ತಿ ಕತ್ತಲಾಯ್ತು, ಬೀದಿಗೆ ಕರೆಂಟ್ ವಾಪಸ್ ಬಂದ್ರೂ ಬೇಸ್‌ಮೆಂಟ್ ವೈರಿಂಗ್ ಹಾಳಾಗಿದ್ದ ಬಿಲ್ಡಿಂಗುಗಳು ವಾರಗಟ್ಟಲೆ ಕತ್ತಲಲ್ಲೇ ಇದ್ವು. ಕರೆಂಟಿಲ್ಲ ಅಂದ್ರೆ ಲಿಫ್ಟಿಲ್ಲ, ಪಂಪಿಲ್ಲದೆ ನಲ್ಲಿಯಲ್ಲಿ ನೀರಿಲ್ಲ, ಫ್ಲಶ್ಶಿಲ್ಲ. ಮ್ಯಾನೇಜ್‌ಮೆಂಟಿನವರನ್ನ ಈಗ್ಲೇ ಕೇಳಿ, ಪ್ಯಾನಲ್ ಎಲ್ಲಿದೆ, ಜನರೇಟರ್ ಇದ್ರೆ ಅದರಿಂದ ಲಿಫ್ಟ್ ಓಡತ್ತಾ, ಪಂಪ್ ಓಡತ್ತಾ, ಬರೀ ಮೆಟ್ಟಿಲ ಲೈಟ್ ಮಾತ್ರನಾ. ಮಂಡಿನೋವಿನ ಅಪ್ಪ ಅಮ್ಮನ ಜೊತೆ ಮೇಲಿನ ಫ್ಲೋರಲ್ಲಿರೋರು ನೀರು ಬರದ ಎತ್ತರ ಇದ್ರೂ ಮೊದ್ಲೇ ಹೊರಡೋದು ವಾಸಿ.

10ನೇ ಫ್ಲೋರ್ ಮೇಲೆ ಗಾಳಿ ಕೆಳಗಿಗಿಂತ ಜೋರು, ಆ ಹೊತ್ತಲ್ಲಿ ಕಿಟಕಿಯಿಂದ ದೂರ ಒಳಗಿನ ರೂಮಿಗೆ ಬನ್ನಿ, ಸಾಧ್ಯ ಆದ್ರೆ ಕೆಳಗಿನ ಫ್ಲೋರಿನ ಸ್ನೇಹಿತರ ಮನೆಗೆ ಹೋಗಿ. ಗಾಜಿಗೆ ಅಡ್ಡ ಉದ್ದ ಟೇಪ್ ಅಂಟಿಸೋದ್ರಿಂದ ಏನೂ ಪ್ರಯೋಜನ ಇಲ್ಲ. ಬಾಲ್ಕನಿಯಲ್ಲಿರೋ ತುಳಸಿ ಕುಂಡ, ಕರಿಬೇವಿನ ಗಿಡ, ಕುರ್ಚಿ, ಮಕ್ಕಳ ಸೈಕಲ್ ಎಲ್ಲ ಒಳಗೆ ತನ್ನಿ, ಹಾರಿದ್ರೆ ಕೆಳಗಡೆ ಹೋಗೋರ ತಲೆ ಮೇಲೆ ಬೀಳತ್ತೆ. ಕಾರನ್ನ ನೆಲಮಾಳಿಗೆ ಗ್ಯಾರೇಜಿಂದ ತೆಗೆದು ಎತ್ತರದ ಪಾರ್ಕಿಂಗಿಗೆ ಹಾಕಿ, ಅದನ್ನ ಬೀದಿಯಲ್ಲೆಲ್ಲ ಜಾಗ ತುಂಬೋ ಮೊದ್ಲು ಮಾಡಿ.

9. ಬರ್ತಿದೆ ಅಂತ ಗೊತ್ತಾದ್ಮೇಲೆ

ನ್ಯಾಷನಲ್ ಹರಿಕೇನ್ ಸೆಂಟರ್ ಬೆಳಿಗ್ಗೆ 5, 11, ಸಂಜೆ 5, ರಾತ್ರಿ 11ಕ್ಕೆ ಹೊಸ ಮಾಹಿತಿ ಕೊಡತ್ತೆ, ಆ ಹೊತ್ತಿಗೆ ನೋಡಿ ಸಾಕು, ನಡುವೆ ವಾಟ್ಸಾಪಲ್ಲಿ ಬರೋ ವಿಡಿಯೋಗಳನ್ನ ಮುಂದೆ ಕಳಿಸ್ಬೇಡಿ. ಮ್ಯಾಪಲ್ಲಿ ಕಾಣೋ ಬಿಳಿ ಕೋನ್ ಸುಳಿಯ ನಡುಭಾಗ ಎಲ್ಲಿ ಹೋಗ್ಬಹುದು ಅಂತ ತೋರ್ಸೋದು, ಮಳೆ ನೀರು ಅದರಾಚೆ ನೂರಾರು ಮೈಲಿ ಬರತ್ತೆ, ಕೋನ್ ಹೊರಗಿದ್ದೀವಿ ಅಂತ ನಿಶ್ಚಿಂತೆ ಬೇಡ. ನೋಟಿಫೈ ಎನ್‌ವೈಸಿ ಆ್ಯಪ್ ಹಾಕ್ಕೊಳ್ಳಿ.

ಹರಿಕೇನ್ ವಾಚ್ ಅಂದ್ರೆ ಬಿರುಗಾಳಿ ಶುರುವಾಗೋಕೆ ಸುಮಾರು 48 ಗಂಟೆ ಮೊದ್ಲು ಕೊಡೋದು, ವಾರ್ನಿಂಗ್ ಅಂದ್ರೆ 36 ಗಂಟೆ. "ಸ್ಟಾರ್ಮ್ ಸರ್ಜ್ ವಾರ್ನಿಂಗ್" ಅಂತ, ಗಾಳಿ ತಳ್ಕೊಂಡು ಬರೋ ಸಮುದ್ರದ ನೀರಿಗೆ, ಬೇರೆ ಕೊಡ್ತಾರೆ, ತಗ್ಗಲ್ಲಿರೋರಿಗೆ ಹರಿಕೇನ್ ವಾರ್ನಿಂಗ್‌ಗಿಂತ ಇದು ಮುಖ್ಯ. ವಾಚ್ ಬಂದ ದಿನ ಪೆಟ್ರೋಲ್ ತುಂಬಿಸಿ, 2012ರಲ್ಲಿ ಬಂಕುಗಳಿಗೆ ಕರೆಂಟಿಲ್ಲದೆ ಕಾರಿನ ನಂಬರ್ ಸರಿ ಬೆಸ ನೋಡಿ ಪೆಟ್ರೋಲ್ ಹಾಕೋ ಪರಿಸ್ಥಿತಿ ಬಂದಿತ್ತು. ಔಷಧಿ ರೀಫಿಲ್, ಬಟ್ಟೆ ಒಗೆಯೋದು, ಮನೆ ಮುಂದಿನ ಚರಂಡಿ ಜಾಲರಿ ಮೇಲಿನ ಎಲೆ ತೆಗೆಯೋದು ಅವತ್ತೇ. ವಾರ್ನಿಂಗ್ ಬಂದ್ರೆ ಎಲ್ಲ ಚಾರ್ಜಿಗೆ ಹಾಕಿ, ಫ್ರಿಜ್ ಪೂರ್ತಿ ತಣ್ಣಗೆ ಮಾಡಿ, ಟಬ್ ತುಂಬಿಸಿ, ಹೊರಡೋರು ಹೊರಡಿ. ಹೊರಗಡೆ ಹಳಿ ಮೇಲೆ ಓಡೋ ಟ್ರೇನುಗಳನ್ನ ಗಾಳಿ ಗಂಟೆಗೆ 39 ಮೈಲಿ ಮುಟ್ಟೋ ಮೊದ್ಲೇ ನಿಲ್ಲಿಸ್ತಾರೆ, ಕೊನೇ ಟ್ರೇನ್ ನಂಬ್ಕೊಂಡು ಕೂರ್ಬೇಡಿ.

10. ಗಾಳಿ ಮಳೆ ನಡೀತಿರೋವಾಗ

ಲಿಫ್ಟ್ ಹತ್ಬೇಡಿ. ಮೇಣದಬತ್ತಿ ಬೇಡ, ಟಾರ್ಚ್ ಸಾಕು. ಗ್ಯಾಸ್ ಒಲೆ ಹಚ್ಚಿ ಮನೆ ಬೆಚ್ಚಗೆ ಮಾಡೋದು, ಇದ್ದಿಲ ಗ್ರಿಲ್ ಒಳಗೆ ತರೋದು ಇವೆರಡೂ ಕಾರ್ಬನ್ ಮಾನಾಕ್ಸೈಡಿಂದ ಕೊಲ್ಲತ್ವೆ, ವಾಸನೆನೂ ಬರಲ್ಲ. ಜನರೇಟರ್ ಇದ್ರೆ ಮನೆಯಿಂದ, ಕಿಟಕಿಯಿಂದ ಕನಿಷ್ಠ 20 ಅಡಿ ದೂರ.

ಬೀದಿಯಲ್ಲಿ 6 ಇಂಚು ಹರಿಯೋ ನೀರು ದೊಡ್ಡವರನ್ನ ಕೆಡವತ್ತೆ, 1 ಅಡಿ ಸಣ್ಣ ಕಾರನ್ನ ತೇಲಿಸತ್ತೆ, 2 ಅಡಿ ಎಸ್‌ಯುವಿನೂ ಬಿಡಲ್ಲ. ಐಡಾದಲ್ಲಿ ಕಾರಲ್ಲಿ ಸತ್ತವರಲ್ಲಿ ಎಷ್ಟೋ ಜನ ಮನೆಗೆ ಹೊರಟಿದ್ದೋರು. ಅಂಡರ್‌ಪಾಸಲ್ಲಿ ನೀರು ಕಂಡ್ರೆ ಹಿಂದೆ ತಿರುಗಿಸಿ, ಆಫೀಸಲ್ಲೇ ಮಲಗಿದ್ರೂ ಪರ್ವಾಗಿಲ್ಲ.

11. ನೀರು ಇಳಿದ ಮೇಲೆ

ವಾಪಸ್ ಬಂದ ತಕ್ಷಣ ದೇವರಿಗೆ ದೀಪ ಹಚ್ಚೋಣ ಅನ್ನಿಸತ್ತೆ, ತಡೀರಿ. ಗ್ಯಾಸ್ ಲೀಕ್ ಇದೆಯಾ ಗೊತ್ತಿಲ್ಲದ ಮನೆಯಲ್ಲಿ ಬೆಂಕಿಕಡ್ಡಿ ಗೀರೋದಿರ್ಲಿ, ಸ್ವಿಚ್ ಕೂಡ ಮುಟ್ಟಬಾರ್ದು. ವಾಸನೆ ಬಂದ್ರೆ ಹೊರಗೆ ಬಂದು 911ಕ್ಕೆ ಫೋನ್ ಮಾಡಿ. ನೀರಲ್ಲಿ ನಿಂತ್ಕೊಂಡು ಬ್ರೇಕರ್ ಮುಟ್ಬೇಡಿ. ಉಪ್ಪುನೀರಲ್ಲಿ ಮುಳುಗಿದ ಎಲೆಕ್ಟ್ರಿಕ್ ಕಾರು, ಇ-ಬೈಕ್ ಬ್ಯಾಟರಿ ದಿನಗಳಾದ್ಮೇಲೂ ಹೊತ್ಕೋಬಹುದು, ಮನೆಯಿಂದ 50 ಅಡಿ ದೂರ ಇರೋ ಹಾಗೆ ಟೋ ಮಾಡಿಸಿ, ಸ್ಟಾರ್ಟ್ ಮಾಡಿ ನೋಡೋಕೆ ಹೋಗ್ಬೇಡಿ.

ನೀರಿಗೆ ಕೊಳಚೆ ಸೇರಿರತ್ತೆ, ಅದು ಮುಟ್ಟಿದ ಅಕ್ಕಿ ಬೇಳೆ, ಮರದ ಲಟ್ಟಣಿಗೆ, ಹಾಸಿಗೆ, ಕಾರ್ಪೆಟ್ ಎಲ್ಲ ಬಿಸಾಡಿ, ಡಬ್ಬ ಮುಚ್ಚಿತ್ತು ಅನ್ನೋ ನೆಪ ಬೇಡ. ಸ್ಟೀಲ್ ಪಾತ್ರೆ ಬಿಸಿನೀರು ಸೋಪಲ್ಲಿ ತೊಳೆದು, ಆಮೇಲೆ ಬ್ಲೀಚ್ ನೀರಲ್ಲಿ ಅದ್ದಿ ತೆಗೆದ್ರೆ ಉಳಿಯತ್ತೆ. ಬ್ಲೀಚಿಗೆ ಬೇರೆ ಕ್ಲೀನರ್ ಯಾವುದೂ ಬೆರೆಸ್ಬೇಡಿ, ವಿಷಗಾಳಿ ಬರತ್ತೆ. 24ರಿಂದ 48 ಗಂಟೆ ಒಳಗೆ ಒಣಗಿಸದಿದ್ರೆ ಗೋಡೆಯಲ್ಲಿ ಬೂಷ್ಟು ಹಿಡಿಯತ್ತೆ, ಎನ್95 ಮಾಸ್ಕು, ಗ್ಲೌಸು, ಬೂಟು ಹಾಕ್ಕೊಂಡೇ ಕೆಲಸ ಮಾಡಿ, ಆಸ್ತಮಾ ಇರೋ ಮಕ್ಕಳನ್ನ ಆ ಮನೆಗೆ ಕರ್ಕೊಂಡು ಬರ್ಬೇಡಿ.

ಬಿಸಾಡೋ ಮೊದ್ಲು ಪ್ರತಿಯೊಂದರ ಫೋಟೋ ತೆಗೀರಿ, ಗೋಡೆ ಮೇಲೆ ನೀರು ನಿಂತಿದ್ದ ಗೆರೆ ಪಕ್ಕ ಟೇಪ್ ಹಿಡಿದು ಎಷ್ಟು ಇಂಚು ಅಂತ ಕಾಣೋ ಹಾಗೆ. ಕಾರ್ಪೆಟ್, ಪರದೆಯ ಒಂದೊಂದು ತುಂಡು ಕತ್ತರಿಸಿ ಕವರಲ್ಲಿಡಿ, ಇನ್ಶೂರೆನ್ಸಿನವರು ಕೇಳ್ಬಹುದು. ಬಾಡಿಗೆಯವರು ಓನರಿಗೆ ಫೋನಲ್ಲಿ ಹೇಳಿ ಸುಮ್ನಾಗ್ಬೇಡಿ, ಫೋಟೋ ಸಮೇತ ಮೇಲ್ ಹಾಕಿ. ಎನ್‌ಎಫ್‌ಐಪಿ ಪಾಲಿಸಿ ಇದ್ರೆ ಮೊದಲ ದಿನವೇ ಏಜೆಂಟಿಗೆ ತಿಳಿಸಿ, ನಷ್ಟದ ಲೆಕ್ಕ ಬರ್ದು ಸಹಿ ಮಾಡಿದ ಪ್ರೂಫ್ ಆಫ್ ಲಾಸ್ ಪತ್ರ ನಷ್ಟವಾದ ದಿನದಿಂದ 60 ದಿನದೊಳಗೆ ಅವರಿಗೆ ತಲುಪ್ಬೇಕು, ಇನ್ಶೂರೆನ್ಸ್ ಕಡೆಯಿಂದ ನಷ್ಟ ಅಳೆಯೋ ಅಡ್ಜಸ್ಟರ್ ಬಂದು ನೋಡ್ಕೊಂಡು ಹೋಗಿದ್ರೂ ಆ ಪತ್ರ ಕಳಿಸೋ ಜವಾಬ್ದಾರಿ ನಿಮ್ಮದೇ.